ಎಸಿ ನೀರಿನ ಗದ್ದೆ

ದುಖಾನ್‌ನಲ್ಲಿ ಎಮ್ಮೆಲ್ಲೆ ಮನೆ ಎಲ್ಲಿ ಎಂದು ಕೇಳಿದರೆ ನಮ್ಮ ಸಾಲಿನ ಯಾರೇ ಆದರೂ ಬೆರಳು ತೋರಿಸುತ್ತಿದ್ದರು. ಹೊಸಬರಿಗೆ ಗಾಬರಿ. ಕತಾರಿನ ಪಶ್ಚಿಮ ದಂಡೆಯ ಈ ಎಣ್ಣೆ ಊರಿನಲ್ಲಿ, ಕಂಪನಿ ಕ್ವಾರ್ಟರ್ಸಿನ ನಡುವೆ, ಎಂಥ ಎಮ್ಮೆಲ್ಲೆ? ಬಾಗಿಲು ತಟ್ಟಿದರೆ ಮಡಚಿ ಕಟ್ಟಿದ ಲುಂಗಿಯಲ್ಲಿ, ಕೈಯಲ್ಲೊಂದು ಬಸಳೆ ದಂಟು ಹಿಡಿದು, ಬೋಳುತಲೆಯ ವಿಲ್ಫ್ರೆಡ್ ಪಿಂಟೊ ಹೊರಗೆ ಬರುತ್ತಿದ್ದರು. ಅವರು ಯಾವ ಚುನಾವಣೆಗೂ ನಿಂತವರಲ್ಲ. ಪೈಪು, ವಾಲ್ವು, ಬೋಲ್ಟುಗಳ ಉಗ್ರಾಣದಲ್ಲಿ ಸ್ಟೋರ್‌ಕೀಪರ್. ಅದು ಅವರ ನೌಕರಿ. ಗಿಡ ನೆಡುವುದು, ಕಾನೂನು ಮಾಡುವುದು, ಇವೆರಡು ಅವರ ಜೀವನ. ಎಮ್ಮೆಲ್ಲೆ ಎಂದು ಹೆಸರಿಟ್ಟವಳು ನಾನೇ. ಇಟ್ಟದ್ದು ಸಿಟ್ಟಿನಲ್ಲಿ. ಅವರು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದರು, ಏನು ಮಾಡುವುದು!

ನಾನು ರತ್ನಪ್ರಭಾ, ಮೈಸೂರಿನವಳು. ನಮ್ಮ ಯಜಮಾನರು ವೆಂಕಟರಾಮು ಇಲ್ಲಿ ಇಂಜಿನಿಯರು. ನಮ್ಮ ಮನೆಗೂ ಪಿಂಟೊ ಮನೆಗೂ ನಡುವೆ ಒಂದೇ ಗೋಡೆ. ಅವರು ಬೆಳಿಗ್ಗೆ ಕೆಮ್ಮಿದರೆ ನಮ್ಮ ಮನೆಗೆ ಅಲಾರಂ ಬೇಕಾಗಿರಲಿಲ್ಲ.

ನಾವು ಬಂದಾಗ ಸಾಲಿನ ಹಿಂಭಾಗದಲ್ಲಿ ಬರೀ ಮರಳು. ಅದರ ಮಧ್ಯೆ ಪಿಂಟೊ ಅವರ ಹಿತ್ತಿಲು ಮಾತ್ರ ಹಸಿರು. ಬಸಳೆ ಚಪ್ಪರ, ತೊಂಡೆ ಬಳ್ಳಿ, ಒಂದು ನುಗ್ಗೆ. ಇದಕ್ಕೆಲ್ಲ ನೀರು ಎಲ್ಲಿಂದ ಎಂದರೆ ಎಸಿಯಿಂದ. ಬೇಸಿಗೆಯ ಕೊನೆಯಲ್ಲಿ ಇಲ್ಲಿಯ ಗಾಳಿ ಒದ್ದೆ ಟವೆಲಿನ ಹಾಗೆ ಮೈಗೆ ಅಂಟುತ್ತದೆ. ಆಗ ಪ್ರತಿ ಮನೆಯ ಎಸಿಯೂ ಪೈಪಿನಿಂದ ತೊಟತೊಟ ನೀರು ಸುರಿಸುತ್ತಲೇ ಇರುತ್ತದೆ. ನಾವೆಲ್ಲ ಆ ನೀರು ಮರಳಿಗೆ ಬಿದ್ದು ಇಂಗುವುದನ್ನು ನೋಡಿಕೊಂಡಿದ್ದೆವು. ಈ ಮನುಷ್ಯ ಗುಜರಿಗೆ ಹೋಗಬೇಕಿದ್ದ ಪೈಪಿನ ತುಂಡುಗಳನ್ನು ಸಾಹೇಬರ ಹತ್ತಿರ ಕೇಳಿ ತಂದು, ಸಾಲಿನ ಎಲ್ಲ ಎಸಿಗಳ ನೀರನ್ನೂ ಒಂದು ಡ್ರಮ್ಮಿಗೆ ತಿರುಗಿಸಿದರು. ಒಂಟೆ ಸಾಕುವ ಸಲಾಂ ಎಂಬವನ ಸ್ನೇಹ ಮಾಡಿ ಗೊಬ್ಬರ ತರಿಸಿದರು. ಕೇಳಿದವರಿಗೆಲ್ಲ ಬಸಳೆ ದಂಟು ಮುರಿದು ಕೊಟ್ಟರು. ನೋಡನೋಡುತ್ತಲೇ ಸಾಲಿನ ಹಿಂದೆ ಎಲ್ಲರದೂ ಒಂದೊಂದು ತೋಟವಾಯಿತು.

ತೋಟವಾದ ಮೇಲೆ ಜಗಳವಾಗದೆ ಇರುತ್ತದೆಯೇ? ನಮ್ಮ ಎಸಿ ನೀರು ನಿಮ್ಮ ಗಿಡಕ್ಕೆ ಯಾಕೆ, ನಿಮ್ಮ ಬಳ್ಳಿ ನಮ್ಮ ಕಿಟಕಿಗೆ ಯಾಕೆ. ಅದಕ್ಕೇ ಶುಕ್ರವಾರ ಸಂಜೆ ನುಗ್ಗೆಯ ಕೆಳಗೆ ಸಭೆ. ತರಕಾರಿ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಕೂರುವುದು. ವಿಲ್ಫ್ರೆಡ್ ಎದ್ದು ನಿಂತು ನಿಯಮ ಓದುವರು. ಯಾರ ಎಸಿ ಎಂಬುದು ಲೆಕ್ಕಕ್ಕಿಲ್ಲ, ಯಾರ ಗಿಡ ಬಾಡಿದೆಯೋ ಮೊದಲು ಅದಕ್ಕೆ ನೀರು. ಸೊಪ್ಪು ಮಾರುವಂತಿಲ್ಲ, ಹಂಚಬೇಕು. ನೀರು ನಿಲ್ಲುವ ಪಾತ್ರೆಯನ್ನು ಮನೆಯೊಳಗೆ ಇಡುವಂತಿಲ್ಲ, ಸೊಳ್ಳೆಯಾಗುತ್ತದೆ. ತಪ್ಪಿದವರಿಗೆ ದಂಡ, ಮುಂದಿನ ಶುಕ್ರವಾರ ಸಾಲಿಗೆಲ್ಲ ಚಹಾ. ಪ್ರತಿ ನಿಯಮದ ಕೊನೆಗೂ ಕನ್ನಡಕದ ಮೇಲಿನಿಂದ ನೋಡುತ್ತ ಕೇಳುವರು: "ಆಕ್ಷೇಪ ಉಂಟಾ? ಇದ್ದವರು ಕೈ ಎತ್ತಿ."

ಕೈ ಎತ್ತುತ್ತಿದ್ದವಳು ನಾನೊಬ್ಬಳೇ. ಪ್ರತಿ ಸಲವೂ. ಎತ್ತಿ ಎತ್ತಿ ನನ್ನ ಬಲಗೈ ಅವರ ಸಭೆಯ ಒಂದು ಕಂಬವೇ ಆಗಿಹೋಗಿತ್ತು.

ನನ್ನ ಸಿಟ್ಟಿಗೆ ಕಾರಣ ಬದನೆಕಾಯಿ. ಊರಿಂದ ಈರನಗೆರೆ ಬದನೆಯ ಬೀಜ ತಂದು, ಮಗುವಿನ ಹಾಗೆ ಸಾಕಿ, ಇನ್ನೇನು ಕಾಯಿ ಬಿಡಬೇಕು ಎನ್ನುವಾಗ ರಜೆಗೆ ಮೈಸೂರಿಗೆ ಹೋಗಬೇಕಾಯಿತು. ವಾಪಸು ಬಂದ ದಿನ ಪಿಂಟೊ ಮನೆಯಲ್ಲಿ ಊಟ. ತಟ್ಟೆಗೆ ಬಿದ್ದದ್ದು ನನ್ನದೇ ಗಿಡದ ಬದನೆಕಾಯಿ!

"ಏನ್ರೀ ಇದು? ನನ್ ಗಿಡದ ಕಾಯಿ ನಿಮ್ ಅಡುಗೆಮನೇಲಿ ಏನ್ ಮಾಡ್ತಿದೆ?" ಎಂದೆ.

"ಮತ್ತೆ ಎಂತ ಮಾಡುದು ಮೇಡಂ, ಗಿಡದಲ್ಲೇ ಹಾಳಾಗ್ಲಿಕ್ಕೆ ಬಿಡುದಾ?" ವಿಲ್ಫ್ರೆಡ್‌ಗೆ ಒಂದು ಚೂರೂ ನಾಚಿಕೆ ಇಲ್ಲ. "ನೀವು ಊರಲ್ಲಿ ಆರಾಮಾಗಿ ಇದ್ರಿ. ಈ ಸುಡುಬಿಸಿಲಿಗೆ ನೀರು ಯಾರು ಹಾಕಿದ್ದು? ನಾನು. ಹಾಗಾದ್ರೆ ಕಾಯಿ ಯಾರದ್ದು?"

ಅದೇ ಶುಕ್ರವಾರ ಕಾನೂನು ಬಂತು. ಮನೆಯಲ್ಲಿ ಇಲ್ಲದವರ ತೋಟದಲ್ಲಿ ಆದದ್ದು ನೀರು ಹಾಕಿದವರದ್ದು. ನಾನು ಎರಡೂ ಕೈ ಎತ್ತಿದೆ. "ಕದ್ದು ತಿಂದೋರೇ ಕಾನೂನು ಮಾಡೋದಾ? ಭಾರಿ ಎಮ್ಮೆಲ್ಲೆ ಸಾಹೇಬ್ರು ನೀವು!" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕಾನೂನು ಮಾತ್ರ ಪಾಸಾಯಿತು. ಹೆಸರು ಉಳಿಯಿತು.

ಬೈದದ್ದು ಸಾಕು, ಇನ್ನು ನಿಜ ಹೇಳುತ್ತೇನೆ. ಅಂಥ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಉಡುಪಿ ಹತ್ತಿರದ ಶಿರ್ವದಲ್ಲಿ ಅವರ ಅಪ್ಪನಿಗೆ ಒಂದು ಸಣ್ಣ ಗದ್ದೆ ಇತ್ತಂತೆ. ಅದು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಕೈ ಬದಲಾಗಿ, ಈಗ ಅಲ್ಲಿ ಮದುವೆ ಹಾಲ್ ಎದ್ದಿದೆ. ಊರಿಗೆ ಹೋದಾಗ ಯಾರದೋ ಮದುವೆಗೆ ಅದೇ ಹಾಲ್‌ನಲ್ಲಿ ಕೂತು, "ಈ ಐಸ್‌ಕ್ರೀಮಿನ ಟೇಬಲ್ ಉಂಟಲ್ಲ, ಇಲ್ಲೇ ನಮ್ಮ ಬದು ಇದ್ದದ್ದು" ಎಂದು ಪಕ್ಕದವರಿಗೆ ತೋರಿಸಿದರಂತೆ. ಇದನ್ನು ನನಗೆ ನಗುನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.

ಹೆಂಡತಿ ಬರ್ನಡೆಟ್ ಇಲ್ಲಿಯ ಶಾಲೆಯ ಆಫೀಸಿನಲ್ಲಿದ್ದರು. ಗಂಡನ ಸಭೆಗೆ ವಿರೋಧ ಪಕ್ಷದ ನಾಯಕಿ ಎಂದರೆ ಅವರೇ. ಗಂಡ ಭಾಷಣ ಉದ್ದ ಮಾಡಿದರೆ ಅಡುಗೆಮನೆಯ ಕಿಟಕಿಯಿಂದ "ಖಲಾಸ್, ಖಲಾಸ್, ಗಂಜಿ ತಣ್ಣಗಾಯ್ತು" ಎಂದು ಕೂಗುವರು. ಸಭೆ ಅಲ್ಲಿಗೆ ಬರಖಾಸ್ತು. ಒಬ್ಬಳೇ ಮಗಳು ಜೋಆನ್. ಹುಟ್ಟಿದ್ದು ಬೆಳೆದದ್ದು ಎಲ್ಲ ಕತಾರಿನಲ್ಲೇ. ಈಗ ಹಮದ್ ಬಂದರಿನಲ್ಲಿ ಕೆಲಸ, ದೋಹಾದ ಅಲ್ ಥುಮಾಮಾದಲ್ಲಿ ಫ್ಲ್ಯಾಟು. ಚಿಕ್ಕವಳಿದ್ದಾಗ ಅವಳು ಅಕ್ಕಿಯನ್ನು ಫ್ಯಾಕ್ಟರಿಯಲ್ಲಿ ಮಾಡುತ್ತಾರೆ ಎಂದುಕೊಂಡಿದ್ದಳಂತೆ. ಆ ಮಾತು ವಿಲ್ಫ್ರೆಡ್‌ಗೆ ಎಲ್ಲೋ ನಾಟಿತ್ತು. ಎಷ್ಟೋ ವರ್ಷದ ಮೇಲೂ ಅದನ್ನೇ ಹೇಳುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಸೆಪ್ಟೆಂಬರಿನಲ್ಲಿ ಅವರಿಗೆ ಮೊಂತಿ ಹಬ್ಬ, ಮಾತೆ ಮರಿಯಮ್ಮ ಹುಟ್ಟಿದ ದಿನ. ಅಂದು ಹೊಸ ಭತ್ತದ ತೆನೆಗೆ ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಮೀನು ಮಾಂಸ ಮುಟ್ಟುವಂತಿಲ್ಲ, ಬೆಸ ಸಂಖ್ಯೆಯಲ್ಲಿ ತರಕಾರಿ ಅಡುಗೆ. ಊಟಕ್ಕೆ ಮೊದಲು ಆ ತೆನೆಯ ಕಾಳನ್ನು ಸುಲಿದು, ಕುಟ್ಟಿ, ತೆಂಗಿನ ಹಾಲಿಗೂ ಬೆಲ್ಲಕ್ಕೂ ಸೇರಿಸಿ, ಮನೆಯ ಹಿರಿಯರು ಒಬ್ಬೊಬ್ಬರ ಅಂಗೈಗೂ ಹಾಕುತ್ತಾರೆ. ಅದಕ್ಕೆ ನೊವೆಂ ಎನ್ನುತ್ತಾರೆ. ಪರದೇಶದಲ್ಲಿ ಇರುವವರಿಗೆ ಊರಿನಿಂದ ನಾಲ್ಕು ಕಾಳು ಬರುತ್ತದೆ. ಪಿಂಟೊ ಅವರಿಗೂ ತಂಗಿ ಕಳಿಸುತ್ತಿದ್ದರು. ವಿಲ್ಫ್ರೆಡ್ ಅದನ್ನೇ ಎಲ್ಲರಿಗೂ ಹಂಚುತ್ತಿದ್ದರು. ಆದರೆ ಮುಖದಲ್ಲಿ ಕಳೆ ಇರುತ್ತಿರಲಿಲ್ಲ.

"ಬೇರೆಯವರು ಬೆಳೆದದ್ದು ಮೇಡಂ," ಎಂದಿದ್ದರು ಒಮ್ಮೆ. "ನನ್ನ ಅಪ್ಪ ನನ್ನ ಕೈಗೆ ಹಾಕಿದ್ದು ನಮ್ಮ ಗದ್ದೆದ್ದು. ನಾನು ಜೋಆನ್‌ನ ಕೈಗೆ ಹಾಕುದು ಅಂಚೆಯಲ್ಲಿ ಬಂದದ್ದು. ಅವಳಿಗೆ ಅದು ಎಂತ ಅಂತ ಗೊತ್ತಾಗುದು ಹೇಗೆ?"

ಹಾಗಾಗಿ ತಂಗಿ ಕಳಿಸಿದ ಕಾಳಿನಲ್ಲೇ ಒಂದಿಷ್ಟು ಉಳಿಸಿ, ಪ್ಲಾಸ್ಟಿಕ್ ಟಬ್ಬುಗಳಲ್ಲಿ ಕೆಸರು ಮಾಡಿ, ಎಸಿ ನೀರು ನಿಲ್ಲಿಸಿ, ದುಖಾನ್‌ನಲ್ಲಿ ಭತ್ತ ಬೆಳೆಯಲು ಹೊರಟರು. ಸಾಲಿನವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕೆವು. ಭತ್ತ ಮಾತ್ರ ಸೊಂಪಾಗಿ ಬಂತು. ಎಲೆ ಬಂತು, ತೆನೆಯೂ ಬಂತು. ಮುಟ್ಟಿದರೆ ಎಲ್ಲ ಜೊಳ್ಳು! ಕಾಳೇ ಇಲ್ಲದ ಬಿಳಿ ಸಿಪ್ಪೆ. ಮರುವರ್ಷ ಮರಳು ಬದಲಾಯಿಸಿದರು, ಜೊಳ್ಳು. ಆಮೇಲಿನ ವರ್ಷ ಗೊಬ್ಬರ ಬದಲಾಯಿಸಿದರು, ಮತ್ತೂ ಜೊಳ್ಳು. ಹಿತ್ತಿಲಲ್ಲಿ ಆ ತೆನೆಯನ್ನು ಬೆರಳಲ್ಲಿ ಹೊಸಕುತ್ತ ನಿಂತಿದ್ದ ಅವರನ್ನು ನೋಡಿ ಬಾಯಿಬಡಕಿಯಾದ ನಾನೂ ಬಾಗಿಲು ಮೆಲ್ಲಗೆ ಎಳೆದುಕೊಂಡು ಒಳಗೆ ಬಂದೆ.

ಈ ವರ್ಷವೇ ಕೊನೆ. ಅಕ್ಟೋಬರಿಗೆ ಅವರ ನಿವೃತ್ತಿ, ಆಮೇಲೆ ಊರು. ಊರು ಎಂದರೆ ಮಂಗಳೂರಿನಲ್ಲಿ ಐದನೇ ಮಹಡಿಯ ಫ್ಲ್ಯಾಟು. ಅಲ್ಲಿ ಟಬ್ ಇಡಲೂ ಜಾಗವಿಲ್ಲ. ಈಸ್ಟರ್ ಮುಗಿದ ಮೇಲೆ ಮತ್ತೆ ಬೀಜ ಹಾಕಿದರು. "ಈ ಸಲ ಆಗದಿದ್ರೆ ಇಲ್ಲ ಮೇಡಂ," ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಆಗಸ್ಟಿನ ಮೊದಲ ವಾರ. ಭತ್ತದ ತೆನೆ ಇನ್ನೂ ಹೊರಗೆ ಬಂದಿರಲಿಲ್ಲ, ಎಲೆಯ ಒಳಗೇ ತುಂಬು ಬಸುರಿಯಂತೆ ಉಬ್ಬಿಕೊಂಡಿತ್ತು. ಡ್ರಮ್ಮಿನಿಂದ ನೀರು ಎತ್ತುತ್ತಿದ್ದ ವಿಲ್ಫ್ರೆಡ್ ಎದೆ ಹಿಡಿದುಕೊಂಡು ಮರಳಿನ ಮೇಲೇ ಕೂತುಬಿಟ್ಟರು. ಬರ್ನಡೆಟ್ ಕಿರುಚಿದ್ದು ಗೋಡೆಯಾಚೆಗೆ ಕೇಳಿ ನಾವು ಓಡಿದೆವು. ಆಂಬ್ಯುಲೆನ್ಸಿನವರು ಸ್ಟ್ರೆಚರಿಗೆ ಹಾಕಿದರು. ಆಸ್ಪತ್ರೆ ಇರುವುದು ದೋಹಾದಲ್ಲಿ, ದೂರದ ದಾರಿ. ಬಾಗಿಲು ಮುಚ್ಚುವ ಮೊದಲು ಆ ಮನುಷ್ಯ ಆಮ್ಲಜನಕದ ಮುಖವಾಡ ಸರಿಸಿ ನನ್ನನ್ನೇ ನೋಡಿ ಹೇಳಿದ್ದು ಇಷ್ಟೇ:

"ಮೇಡಂ, ಗದ್ದೆ."

ಅಯ್ಯೋ ದೇವರೇ! ಹೆಂಡತಿ ಅಳುತ್ತ ಪಕ್ಕದಲ್ಲಿ ಕೂತಿದ್ದಾಳೆ, ಈತನಿಗೆ ಗದ್ದೆ. ಸಿಟ್ಟಿಗೆ ನನಗೂ ಅಳು ಬಂತು.

ಹೃದಯದ ಆಪರೇಷನ್ ಆಯಿತು. ಬರ್ನಡೆಟ್ ಮಗಳ ಮನೆಯಲ್ಲೇ ಉಳಿದರು. ಇಲ್ಲಿ ಗದ್ದೆ ನನ್ನ ತಲೆಗೆ ಬಿತ್ತು. ಮೊದಲ ದಿನ ತಿಂಡಿ ಮುಗಿಸಿ ನೀರು ಹಾಕಲು ಹೊರಗೆ ಹೋದೆ. ಆ ಬಿಸಿಲನ್ನು ಏನೆಂದು ಹೇಳಲಿ, ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಎರಡನೇ ಬಕೆಟಿಗೆ ಕಣ್ಣಿಗೆ ಕತ್ತಲೆ ಕಟ್ಟಿತು. ಗೋಡೆ ಹಿಡಿದು ಒಳಗೆ ಬಂದವಳೇ ಯಜಮಾನರ ಮೇಲೆ ಹರಿಹಾಯ್ದೆ.

"ನಾಳೆಯಿಂದ ಗದ್ದೆ ಹತ್ರ ನಾನ್ ಹೋಗಲ್ಲ. ಗದ್ದೇನೇ ನನ್ ಹತ್ರ ಬರ್ಲಿ!"

"ಅಂದ್ರೆ?" ಎಂದರು ಅವರು, ಪೇಪರಿನಿಂದ ತಲೆ ಎತ್ತದೆ.

"ಅಂದ್ರೆ ಟಬ್ಬುಗಳನ್ನ ಹಾಲ್‌ಗೆ ತನ್ನಿ ಅಂತ."

"ರತ್ನಾ, ನಿಂತ ನೀರು ಒಳಗೆ ಇಡ್ಬಾರ್ದು ಅಂತ ರೂಲ್ ಇದೆಯಲ್ಲೇ."

"ಆ ರೂಲಿಗೂ ಕೈ ಎತ್ತಿದ್ದೆ ನಾನು!"

ಗ್ಯಾಸ್ ಸಿಲಿಂಡರಿನ ಚಕ್ರದ ಗಾಡಿಯ ಮೇಲೆ ಟಬ್ಬುಗಳು ಒಂದೊಂದಾಗಿ ನಮ್ಮ ಹಾಲ್‌ಗೆ ಬಂದವು. ಪೂರ್ತಿ ಒಳಗಿಟ್ಟರೆ ಬೆಳಕಿಲ್ಲದೆ ಸತ್ತೀತು ಎಂದು ಸಂಜೆ ತಂಪಾದ ಮೇಲೆ ಹೊರಗೆ ತಳ್ಳುವುದು, ಬೆಳಗಿನ ಎಳೆಬಿಸಿಲು ಕುಡಿಸಿ ತಿಂಡಿಯಾದ ಮೇಲೆ ಒಳಗೆ ಎಳೆಯುವುದು. ಒಳಗೆ ಎಸಿ, ಮೇಲೆ ಫ್ಯಾನು, ಪಕ್ಕದಲ್ಲಿ ಗಾಜಿನ ಬಾಗಿಲ ಬೆಳಕು. ಯಜಮಾನರು ಭತ್ತದ ಎಲೆಗಳ ಸಂದಿಯಿಂದ ಟಿವಿ ನೋಡಿದರು. ಸೊಳ್ಳೆಯ ಕಾಟಕ್ಕೆ ಅವರಿಗೊಂದು ಬ್ಯಾಟು ಕೊಟ್ಟೆ.

ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತೇನೆ, ತೆನೆ ಹೊರಗೆ ಬಂದಿದೆ. ಅದರ ತುಂಬ ಹಿಟ್ಟು ಚೆಲ್ಲಿದಂತೆ ಸಣ್ಣ ಸಣ್ಣ ಬಿಳಿ ಹೂವು. ಹುಟ್ಟಿದಾಗಿನಿಂದ ಅನ್ನ ತಿಂದವಳು ನಾನು, ಭತ್ತ ಹೂ ಬಿಡುತ್ತದೆ ಎಂದೇ ಗೊತ್ತಿರಲಿಲ್ಲ! ಕಾಫಿ ತಣ್ಣಗಾಗುವವರೆಗೂ ಅಲ್ಲೇ ನಿಂತಿದ್ದೆ.

ಅಷ್ಟರಲ್ಲಿ ಆಸ್ಪತ್ರೆಯಿಂದ ಎಮ್ಮೆಲ್ಲೆ ಫೋನು ಶುರುವಾಯಿತು. ದನಿ ಸೋತಿತ್ತು, ಹಟ ಸೋತಿರಲಿಲ್ಲ.

"ಮೇಡಂ, ವಿಡಿಯೋ ಮಾಡಿ ಒಮ್ಮೆ ತೋರಿಸಿ."

"ಹೊರಗೆ ಬೆಂಕಿ ಬಿಸಿಲು ರೀ. ಫೋನ್ ಕಾದು ಆಫ್ ಆಗ್ಬಿಡುತ್ತೆ."

"ಬಿಸಿಲು ಚೆನ್ನಾಗಿ ಬೀಳ್ತದಲ್ಲ ಗದ್ದೆಗೆ?"

"ಬೀಳದೆ ಏನು!" ಎಂದೆ, ಎಸಿಯ ರಿಮೋಟು ಕೈಯಲ್ಲಿ ಹಿಡಿದುಕೊಂಡು.

ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಬಿಸಿಲಲ್ಲೇ ಕಾಳು ಕಟ್ಟದ ಭತ್ತ ಈ ನೆರಳಲ್ಲಿ ಕಟ್ಟುತ್ತದೆಯೇ? ಆ ಮನುಷ್ಯನ ಕೊನೆಯ ಬೆಳೆಯನ್ನು ನನ್ನ ಸೋಮಾರಿತನಕ್ಕೆ ಬಲಿ ಕೊಟ್ಟೆನೇ? ತಾಳಲಾರದೆ ಬರ್ನಡೆಟ್‌ಗೆ ಎಲ್ಲ ಹೇಳಿದೆ.

"ಅಲ್ಲೇ ಇರ್ಲಿ ರತ್ನಾ," ಎಂದರು. "ಇಷ್ಟು ವರ್ಷ ಅವರ ಕಾನೂನಿನ ಪ್ರಕಾರವೇ ಜೊಳ್ಳಾದದ್ದಲ್ವಾ? ಈ ಸಲ ನಿಮ್ಮ ಹಟದ ಪ್ರಕಾರ ಆಗ್ಲಿ. ಅವರಿಗೆ ನಾನು ಹೇಳುದಿಲ್ಲ."

ಆಗಸ್ಟ್ ಮುಗಿಯುವ ಮೊದಲೇ ವಿಲ್ಫ್ರೆಡ್ ವಾಪಸು ಬಂದರು. ಅರ್ಧ ಆಳಾಗಿದ್ದರು. ಕಾರಿನಿಂದ ಇಳಿದವರು ಸೀದಾ ಹಿತ್ತಿಲಿಗೆ ಹೋದರು. ಅಲ್ಲಿ ಟಬ್ಬಿಲ್ಲ. ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು ನಿಂತರು. ಹಾಲ್‌ನೊಳಗೆ ಸೋಫಾದ ಪಕ್ಕ ಭತ್ತ ತೂಗುತ್ತಿತ್ತು.

"ಇದು ಎಂತದು ಮೇಡಂ?" ಎಂದರು. "ನಿಯಮ ಗೊತ್ತುಂಟಲ್ಲ ನಿಮಗೆ?"

ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅದಕ್ಕೆ ಕಾಯದೆ ಅವರು ನಿಧಾನವಾಗಿ ಮೊಣಕಾಲೂರಿ ಕೂತರು. ಒಂದು ತೆನೆ ಹಿಡಿದರು. ಒಂದು ಕಾಳನ್ನು ಎರಡು ಉಗುರಿನ ನಡುವೆ ಒತ್ತಿದರು. ಗಟ್ಟಿಯಾಗುತ್ತಿದ್ದ ಕಾಳಿನಿಂದ ಬೆಳ್ಳಗೆ ಒಂದು ತೊಟ್ಟು ಹಾಲು ಬಂತು.

"ಹಾಲು ಉಂಟು," ಎಂದರು ಮೆಲ್ಲಗೆ. ಇನ್ನೊಂದು ಒತ್ತಿದರು, ಮತ್ತೊಂದು ಒತ್ತಿದರು. "ಬರ್ನೀ! ಹಾಲು ಉಂಟು ಮಾರಾಯ್ತಿ! ಎಲ್ಲದ್ರಲ್ಲೂ ಉಂಟು!"

ಉಗುರಿನ ಮೇಲಿನ ಹಾಲನ್ನು ನೋಡುತ್ತ ಆ ಮನುಷ್ಯ ಅತ್ತುಬಿಟ್ಟರು. ಬರ್ನಡೆಟ್ ಅತ್ತರು, ನಾನು ಅತ್ತೆ, ಯಜಮಾನರು ಬ್ಯಾಟು ಹಿಡಿದುಕೊಂಡೇ ಮೂಗು ಒರೆಸಿಕೊಂಡರು. ಆಮೇಲೆ ವಿಲ್ಫ್ರೆಡ್ ತಾವೇ ವಿಷಯ ಬಿಡಿಸಿ ಹೇಳಿದರು. ಇಷ್ಟು ವರ್ಷ ಹೂ ಬಿಡುವ ಹೊತ್ತಿಗೆ ಸುಡುಗಾಳಿ ಬಡಿದು ಹೂವೇ ಬೆಂದು ಹೋಗುತ್ತಿತ್ತು, ಈ ಸಲ ಅದು ತಂಪಿನಲ್ಲಿ ಅರಳಿತು, ಅಷ್ಟೇ. ಹೇಳಿ ಮುಗಿಸಿ ಕಣ್ಣೊರೆಸಿಕೊಂಡು ಎದ್ದರು.

"ಆದ್ರೆ ದಂಡ ಉಂಟು. ನೀರು ನಿಂತ ಪಾತ್ರೆ ಮನೆಯೊಳಗೆ. ಶುಕ್ರವಾರ ಚಹಾ ನಿಮ್ಮದು."

ಚಹಾ ಕೊಟ್ಟೆ. ಬೇಕೆಂದೇ ಸಕ್ಕರೆ ಕಡಿಮೆ ಹಾಕಿದೆ.

ಅದಾದ ಮೇಲೆ ಒಂದು ವಿಚಿತ್ರ ನಡೆಯಿತು. ಅವರು ಟಬ್ಬುಗಳನ್ನು ವಾಪಸು ತೆಗೆದುಕೊಂಡು ಹೋಗಲೇ ಇಲ್ಲ. ದಿನಾ ಸಂಜೆ ಬಾಗಿಲಿಗೆ ಬಂದು, "ಗದ್ದೆ ನೋಡ್ಲಿಕ್ಕೆ ಒಳಗೆ ಬರಬಹುದಾ?" ಎಂದು ಕೇಳುವರು. ನೀರು ಹಾಕುವಾಗಲೂ ನನ್ನ ಒಪ್ಪಿಗೆ ಕೇಳುವರು. ಕೊಯ್ಲಿನ ದಿನ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಮೈಯಲ್ಲಿ ಶಕ್ತಿಯಿಲ್ಲ ಪಾಪ ಎಂದುಕೊಂಡು ನಾನೇ ಕೊಯ್ದುಕೊಟ್ಟೆ.

ಹಬ್ಬದ ದಿನ ತೆನೆಯ ಕಟ್ಟು ದೋಹಾದ ಚರ್ಚಿಗೆ ಹೋಗಿ ಆಶೀರ್ವಾದವಾಗಿ ಬಂತು. ಪಿಂಟೊ ಮನೆಯ ಹಾಲ್ ತುಂಬ ಜನ. ಇಡೀ ಸಾಲಿನವರು, ಜೋಆನ್, ದೋಹಾದಿಂದ ಬಂದಿದ್ದ ಬರ್ನಡೆಟ್‌ರ ಅಣ್ಣ ರೂಬೆನ್. ಮಾತೆಯ ಮೂರ್ತಿಯ ಮುಂದೆ ಹೂವು, ಬಾಳೆಲೆಯಲ್ಲಿ ಕೆಸು, ಬೆಂಡೆ, ಹೀರೆ, ಎಲ್ಲ ಹಿತ್ತಿಲಿನದೇ. ಜೋಆನ್ ತಾನೇ ಕಾಳು ಸುಲಿದಿದ್ದಳು. ಉಗುರು ಕೆಂಪಾಗಿತ್ತು. ಪ್ರಾರ್ಥನೆ ಮುಗಿಯಿತು. ಬರ್ನಡೆಟ್ ನೊವೆಂ ಬಟ್ಟಲನ್ನು ತಂದರು. ಎಲ್ಲರೂ ಮನೆಯ ಹಿರಿಯನ ಮುಖ ನೋಡಿದರು.

ವಿಲ್ಫ್ರೆಡ್ ಬಟ್ಟಲು ತೆಗೆದುಕೊಂಡು, ಹಾಲ್ ದಾಟಿ ಬಂದು, ಅದನ್ನು ನನ್ನ ಕೈಗೆ ಇಟ್ಟರು. ಇನ್ನೊಂದು ಕೈಗೆ ಚಮಚ.

"ಏನ್ರೀ ಇದು? ನಿಮ್ ಹಬ್ಬ, ನಿಮ್ ಮನೆ!" ಎಂದೆ.

"ಬೆಳೆ ನಿಮ್ಮದು," ಎಂದರು. "ಮನೆಯಲ್ಲಿ ಇಲ್ಲದವರ ತೋಟದಲ್ಲಿ ಆದದ್ದು ನೀರು ಹಾಕಿದವರದ್ದು. ಕಾನೂನು ಉಂಟಲ್ಲ. ಬದನೆಕಾಯಿಗೆ ಒಂದು, ಭತ್ತಕ್ಕೆ ಒಂದು ಅಂತ ಇಲ್ಲ."

ರೂಬೆನ್‌ಗೆ ಸರಿ ಕಾಣಲಿಲ್ಲ. "ವಿಲ್ಲಿ, ಇದು ಮನೆಯ ಹಿರಿಯ ಕೊಡುದು. ಇವರು ಹೊರಗಿನವರು. ಈ ಹಬ್ಬ ಅವರದ್ದಲ್ಲ."

"ನಾನು ಹಾಸಿಗೆಯಲ್ಲಿ ಇರುವಾಗ ಗದ್ದೆಯನ್ನು ಮನೆಯೊಳಗೆ ಕೂರಿಸಿ ನೋಡಿಕೊಂಡವರು ಹೊರಗಿನವರಾ ರೂಬೆನ್?" ಎಂದರು ವಿಲ್ಫ್ರೆಡ್. ಆಮೇಲೆ ನುಗ್ಗೆಯ ಕೆಳಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತು, ಕನ್ನಡಕದ ಮೇಲಿನಿಂದ ಕೂಡಿದವರನ್ನೆಲ್ಲ ನೋಡಿದರು.

"ಆಕ್ಷೇಪ ಉಂಟಾ? ಇದ್ದವರು ಕೈ ಎತ್ತಿ."

ರೂಬೆನ್ ತಲೆ ತಗ್ಗಿಸಿದರು. ಸಾಲಿನವರೆಲ್ಲ ನನ್ನತ್ತ ತಿರುಗಿದರು. ಆಕ್ಷೇಪ ನನಗಿತ್ತು, ಬೇಕಾದಷ್ಟಿತ್ತು. ಇಷ್ಟು ದೊಡ್ಡದನ್ನು ತೆಗೆದುಕೊಳ್ಳುವ ಯೋಗ್ಯತೆ ನನಗಿಲ್ಲ ಎಂದು ಕೂಗಬೇಕೆನಿಸಿತು. ಆದರೆ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ. ಎತ್ತಲು ನನಗೆ ಕೈ ಖಾಲಿ ಇರಲಿಲ್ಲ.

"ಪಾಸಾಯ್ತು," ಎಂದರು ಎಮ್ಮೆಲ್ಲೆ. ಮಗಳನ್ನು ಕರೆದು ತಮ್ಮ ಹಿಂದೆ ನಿಲ್ಲಿಸಿಕೊಂಡರು. ಅವರ ಅಂಗೈ ನನ್ನ ಮುಂದೆ ಚಾಚಿತು. ಚಮಚದಿಂದ ಒಂದಿಷ್ಟು ಹಾಕಿದೆ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು.

"ಜೊಳ್ಳಲ್ಲ," ಎಂದರು. ಆಮೇಲೆ ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಬಿಟ್ಟರು.